ಅವ್ವನ ಕೋಣೆಗೆ ಬೂದಿ ಬಣ್ಣ

ಬೂದಿ ಬಣ್ಣದ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು ಹೊಸೂರಿನಲ್ಲಿ ಯಾರೂ ಇಲ್ಲ ಎಂದು ಹೋದ ಸಂಕ್ರಾಂತಿಯವರೆಗೂ ನಾನು ನಂಬಿದ್ದೆ. ನಂಬಿಕೆಗೆ ಆಧಾರವಿತ್ತು. ತಮಿಳುನಾಡಿಗೆ ಸೇರಿದ ಈ ಗಡಿ ಊರಿನ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಇನ್‌ಸ್ಪೆಕ್ಟರ್. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ, ಹೆದರಬೇಡಿ! ಬೂದಿ ಬಣ್ಣ ಬಳಿದುಕೊಂಡು ಸಾಲಾಗಿ ಬರುವ ಪಂಪುಗಳ ಮೇಲೆ ಎಲ್ಲಾದರೂ ಬಿಳಿ ಗೀರು, ಬಿಳಿ ಚುಕ್ಕೆ ಉಳಿದಿದೆಯೇ ಎಂದು ಹುಡುಕುವುದು, ಸಿಕ್ಕರೆ ಸಣ್ಣ ಬ್ರಷ್ಷಿನಿಂದ ಮುಚ್ಚುವುದು. ಇಷ್ಟೇ ನನ್ನ ಉದ್ಯೋಗ. ಈ ಕೆಲಸದಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಗೇಟು ದಾಟಿದ್ದಿಲ್ಲ.

ಇಂಥ ನಾನು ನಮ್ಮ ಅವ್ವನ ಕೋಣೆಗೆ ಬಣ್ಣ ಹೊಡೆಯಲು ಹೊರಟೆ.

ಅವ್ವ ಇರುವುದು ಹೊಸೂರಿಗೆ ಹತ್ತಿರದ ತಳಿ ಕಡೆಯ ನಮ್ಮೂರಿನಲ್ಲಿ, ಅಣ್ಣನ ಸಂಸಾರದ ಜೊತೆ. ಮನೆಯ ಹಿಂದೆ ಅವಳದೇ ಒಂದು ಸೇವಂತಿಗೆ ತೋಟ. ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದು, ಹೂವಿನ ಜೊತೆ ಮೊಗ್ಗನ್ನೂ ಎಲೆಯನ್ನೂ ಕಿತ್ತು ಬುಟ್ಟಿಗೆ ಹಾಕುತ್ತಿದ್ದಳು. ಅಣ್ಣನ ಹೆಂಡತಿ ಆ ಬುಟ್ಟಿಯನ್ನು ಮತ್ತೆ ಆರಿಸುವುದು ಅವ್ವನಿಗೆ ಗೊತ್ತಾಗಿಹೋಯಿತು. ಆವತ್ತೇ ನನಗೆ ಫೋನು ಬಂತು.

"ಲೋ ಮುನಿರಾಜು, ಆಪ್ರೇಸನ್ ಮಾಡ್ಸಿಬುಡು ಕಣ್ಲಾ. ಕಣ್ಣೊಂದು ಬಂದ್ರೆ ಸಾಕು, ನನ್ನ ಹೂವ ನಾನೇ ಬುಡುಸ್ಕತ್ತೀನಿ. ಇನ್ನೊಬ್ಬರ ಕೈ ನೋಡ್ಕಂಡು ಬದುಕಾದು ನನ್ನ ಕೈಲಾಗಾಕಿಲ್ಲ."

ಅವ್ವ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಆಪರೇಷನ್ ಹೊಸೂರಿನಲ್ಲಿ, ಆಮೇಲೆ ಒಂದು ತಿಂಗಳು ನಮ್ಮ ಮನೆಯಲ್ಲಿ ಎಂದು ತೀರ್ಮಾನವಾಯಿತು. ತಪಾಸಣೆಗೆ ಹೋದಾಗ ಡಾಕ್ಟರಮ್ಮ ಒಂದು ಮಾತು ಹೇಳಿದರು: "ಆಪರೇಷನ್ ಆದ ಮೇಲೆ ಒಂದು ವಾರ ಕಪ್ಪು ಕನ್ನಡಕ ಹಾಕಿಕೊಳ್ಳಲಿ. ಜೋರು ಬೆಳಕು ಕಣ್ಣಿಗೆ ಬೀಳುವುದು ಬೇಡ."

ಇಲ್ಲಿಗೆ ಸುಮ್ಮನಿದ್ದಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆದರೆ ನಾನು ಬುದ್ಧಿವಂತ! ಮನೆಗೆ ಬಂದವನೇ ಹಿಂದಿನ ಕೋಣೆಯ ಗೋಡೆ ನೋಡಿದೆ. ಬೆಳ್ಳಗೆ ಹೊಳೆಯುತ್ತಿತ್ತು. ಟ್ಯೂಬ್‌ಲೈಟ್ ಹಾಕಿದರೆ ಇನ್ನೂ ಹೊಳೆಯಿತು. ಹಿಂದೊಮ್ಮೆ ಕಾರ್ಖಾನೆಗೆ ಟ್ರೈನಿಂಗ್ ಕೊಡಲು ಬಂದಿದ್ದವರೊಬ್ಬರು, ನೋಡುವವರ ಕಣ್ಣಿಗೆ ಆಯಾಸವಾಗಬಾರದು ಎಂದೇ ಮೆಷಿನ್ನುಗಳಿಗೆ ಬೂದಿ ಬಣ್ಣ ಹೊಡೆಯುತ್ತಾರೆ ಎಂದಿದ್ದರು. ಮೆಷಿನ್ನು ನೋಡುವವನಿಗೇ ಇಷ್ಟು ಮರ್ಯಾದೆ ಇದ್ದರೆ ಹೆತ್ತ ತಾಯಿಗೆ ಎಷ್ಟಿರಬೇಡ!

"ರತ್ನಾ, ಅವ್ವನ ರೂಮಿಗೆ ಡಾರ್ಕ್ ಕೂಲ್ ಗ್ರೇ ಹೊಡೀತೀನಿ," ಎಂದೆ.

ನನ್ನ ಹೆಂಡತಿ ರತ್ನ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅಂದ್ರೆ ಯಾವ ಬಣ್ಣ?"

"ಕಡು ಬೂದಿ. ತಂಪು ಬಣ್ಣ. ಕಣ್ಣಿಗೆ ತಂಪು."

"ಡಾಕ್ಟ್ರು ಕನ್ನಡಕಾನ ಅತ್ತೆಗೆ ಹಾಕಿ ಅಂದ್ರು. ಗೋಡೆಗೆ ಹಾಕಿ ಅನ್ಲಿಲ್ಲ."

ವಿಜ್ಞಾನ ಗೊತ್ತಿಲ್ಲದವರ ಜೊತೆ ವಾದ ಮಾಡಬಾರದೆಂದು ನಾನು ಪೇಂಟ್ ಅಂಗಡಿಗೆ ಹೊರಟೆ.

ಹಬ್ಬಕ್ಕೆ ಮೂರು ವಾರವಿತ್ತು. ಅಂಗಡಿಯ ತುಂಬ ಮನೆ ಬೆಳ್ಳಗೆ ಮಾಡಲು ಬಂದ ಜನ. ಬಿಳಿ, ಕ್ರೀಮು, ತಿಳಿ ಹಳದಿ ಡಬ್ಬಗಳು ಸಾಲಾಗಿ ಹೋಗುತ್ತಿದ್ದವು. ನಾನು ಶೇಡ್ ಕಾರ್ಡಿನ ಕೊನೆಯ ಪುಟ ತಿರುಗಿಸಿ, ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಚೌಕದ ಮೇಲೆ ಬೆರಳಿಟ್ಟೆ.

ಅಂಗಡಿಯವನು ನೋಡಿದ. "ಗೇಟುಕ್ಕಾ ಸಾರ್?"

"ಅಲ್ಲ. ರೂಮಿಗೆ."

"ಜನರೇಟರ್ ರೂಮಾ?"

"ನಮ್ಮವ್ವನ ರೂಮು!"

ಪಕ್ಕದಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಅಂಗಡಿಯವನು ಬಣ್ಣ ಕಲಸಿ ಕೊಟ್ಟ. ಡಬ್ಬ ಕೊಡುವಾಗ, ಕಲಸಿದ ಬಣ್ಣವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಮಾತನ್ನು ತಮಿಳಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದ.

ಭಾನುವಾರ ಬೆಳಿಗ್ಗೆ ಕೆಲಸ ಶುರು. ಮೊದಲ ಕೋಟು ಹೊಡೆದಾಗ ಬಣ್ಣ ತೆಳುವಾಗಿ, ಹಳೆಯ ಬಿಳಿ ಅಲ್ಲಲ್ಲಿ ಇಣುಕುತ್ತಿತ್ತು. ಬಿಳಿ ಇಣುಕುವುದೆಂದರೆ ಏನು! ಅದೂ ನನ್ನೆದುರಿಗೆ! ಎರಡನೆಯ ಕೋಟು ಹೊಡೆದೆ. ಅದು ಒಣಗುವವರೆಗೆ ಕಾಯದೆ ಮೂರನೆಯದನ್ನೂ ಹೊಡೆದೆ. ಬಣ್ಣ ಒಣಗಿದ ಮೇಲೆ ಇನ್ನಷ್ಟು ಕಪ್ಪಾಗುತ್ತದೆ ಎಂಬ ವಿಷಯ ಇಪ್ಪತ್ತೆರಡು ವರ್ಷದ ಅನುಭವಸ್ಥನಿಗೆ ಆವತ್ತು ಮಧ್ಯಾಹ್ನ ತಿಳಿಯಿತು. ಪಂಪುಗಳು ನನ್ನ ಹತ್ತಿರ ಬರುವಾಗ ಒಣಗಿಯೇ ಬರುತ್ತಿದ್ದವು.

ಡಬ್ಬದಲ್ಲಿ ಇನ್ನೂ ಬಣ್ಣ ಉಳಿದಿತ್ತು. ವಾಪಸ್ ತೆಗೆದುಕೊಳ್ಳುವುದಿಲ್ಲವಲ್ಲ, ಸೂರಿಗೂ ಹೊಡೆದೆ. ಆಗ ಬಾಗಿಲು ಮತ್ತು ಕಿಟಕಿ ಮಾತ್ರ ಬಿಳಿಯಾಗಿ ಉಳಿದು ಕಣ್ಣಿಗೆ ಚುಚ್ಚಿದವು. ಓಡಿಹೋಗಿ ಅದೇ ಶೇಡಿನ ಎಣ್ಣೆ ಬಣ್ಣ ತಂದು ಅವನ್ನೂ ಮುಗಿಸಿದೆ. ಟ್ಯೂಬ್‌ಲೈಟ್ ಕಿತ್ತು ಸಣ್ಣ ಹಳದಿ ಬಲ್ಬ್ ಹಾಕಿದೆ. ಕೋಣೆಯಲ್ಲಿದ್ದ ಸ್ಟೀಲ್ ಬೀರು ಪುಣ್ಯಕ್ಕೆ ತಾನು ತಯಾರಾದ ಕಡೆಯಿಂದಲೇ ಬೂದಿ ಬಣ್ಣ ಹೊಡೆಸಿಕೊಂಡು ಬಂದಿತ್ತು!

ರತ್ನ ಕಾಫಿ ತಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆ ನಿಂತು ಕೈ ಮಾತ್ರ ಚಾಚಿದಳು.

"ನೋಡೇ, ಬಾಗಿಲು ಮುಚ್ಚಿದ್ರೆ ಬಾಗಿಲು ಎಲ್ಲೈತೆ ಅಂತಾನೇ ಗೊತ್ತಾಗಲ್ಲ! ಅಷ್ಟು ಫಿನಿಶಿಂಗ್!" ಎಂದೆ.

"ಗೊತ್ತಾಯ್ತಾ ಇಲ್ಲ. ಅದಕ್ಕೇ ಒಳಗೆ ಬರ್ತಾ ಇಲ್ಲ," ಎಂದಳು.

ಎದುರು ಮನೆಯ ಸೆಲ್ವಿ ಅಕ್ಕ ಸುದ್ದಿ ಕೇಳಿ ನೋಡಲು ಬಂದರು. ಕೆನ್ನೆಗೆ ಕೈ ಹಚ್ಚಿಕೊಂಡು, "ಅಯ್ಯಯ್ಯೋ, ಎನ್ನ ತಂಬಿ ಇದು? ರೂಮಾ, ಗೋಡೌನಾ?" ಎಂದರು. ಕೋಣೆಯ ಕಿಟಕಿ ತೆರೆಯುವುದು ಪಕ್ಕದ ಮನೆಯ ಗೋಡೆಗೆ, ಜೊತೆಗೆ ಪುಷ್ಯ ಮಾಸದ ಮಂಜು. ಹಗಲು ಹನ್ನೆರಡಕ್ಕೂ ಅಲ್ಲಿ ಸಂಜೆ ಆರೂವರೆ. ನನಗೂ ಒಂದು ಕ್ಷಣ ಮನಸ್ಸು ಕುಗ್ಗಿತು, ಸುಳ್ಳೇಕೆ ಹೇಳಲಿ. ಒಳಗೆ ನಿಂತರೆ ಯಾರೋ ತೀರಿಕೊಂಡ ಮನೆಗೆ ಮಾತಾಡಿಸಲು ಬಂದ ಹಾಗಾಗುತ್ತಿತ್ತು. ಆದರೆ ಒಪ್ಪಿಕೊಂಡರೆ ರತ್ನ ಗೆಲ್ಲುತ್ತಾಳೆ. ಹಾಗಾಗಿ ಬಣ್ಣ ಭವ್ಯವಾಗಿದೆ ಎಂದು ಘೋಷಿಸಿದೆ.

ಬುಧವಾರ ಅವ್ವನ ಆಪರೇಷನ್ ಆಯಿತು. ಗುರುವಾರ ಕಪ್ಪು ಕನ್ನಡಕ ಹಾಕಿಸಿ ಮನೆಗೆ ಕರೆತಂದೆ. ಕೈ ಹಿಡಿದು ಕೋಣೆಯ ಒಳಗೆ ನಿಲ್ಲಿಸಿದೆ.

"ಅವ್ವಾ, ನಿಂಗೋಸ್ಕರಾನೇ ಹೊಸದಾಗಿ ಬಣ್ಣ ಹೊಡ್ದಿದ್ದೀನಿ. ಎಂಗೈತೆ?"

ಅವ್ವ ತಲೆಯನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿದಳು. "ಭೋ ಚೆನ್ನಾಗೈತೆ ಕಣ್ಲಾ. ಯಾಕಪ್ಪ ಇಷ್ಟೊಂದು ಕಷ್ಟ ಬಿದ್ದೆ?"

ನಾನು ರತ್ನಳ ಕಡೆ ತಿರುಗಿ ಒಂದು ನೋಟ ಬಿಟ್ಟೆ. ಆ ನೋಟವನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಒಂದು ವಾರ ಕಳೆದು ಕನ್ನಡಕ ತೆಗೆದದ್ದಾಯಿತು. ಅದರ ಮಾರನೆಯ ಬೆಳಿಗ್ಗೆ ಫಸ್ಟ್ ಶಿಫ್ಟಿಗೆ ಹೊರಡುವ ಮುನ್ನ ಅವ್ವನಿಗೆ ಹೇಳಿಹೋಗೋಣವೆಂದು ಕೋಣೆಗೆ ಹೋದೆ. ಅವ್ವ ಬಚ್ಚಲಲ್ಲಿದ್ದಳು. ನನ್ನ ಕಣ್ಣು ಅಭ್ಯಾಸಬಲದಿಂದ ಗೋಡೆಯ ಮೇಲೆ ಓಡಿತು. ಬಿಳಿ ಚುಕ್ಕೆ! ಒಂದಲ್ಲ, ನಾಲ್ಕು! ಮಂಚದ ಹತ್ತಿರ ಒಂದು, ಬೀರಿನ ಪಕ್ಕ ಒಂದು, ಬಾಗಿಲ ಹತ್ತಿರ ಎರಡು.

ಮುಟ್ಟಿ ನೋಡಿದೆ. ಸುಣ್ಣ. ಎಲೆ ಅಡಿಕೆಯ ಸುಣ್ಣ.

ಇದಕ್ಕೆ ತನಿಖೆ ಬೇಕಿರಲಿಲ್ಲ. ಅವ್ವ ಎಲೆಗೆ ಸುಣ್ಣ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ಊರಿನ ಮನೆಯ ಕಂಬಕ್ಕೆ ಒರೆಸುತ್ತಿದ್ದವಳು. ನಮ್ಮ ಕಡೆ ಎಲೆ ಹಾಕುವ ಮುದುಕ ಮುದುಕಿಯರೆಲ್ಲ ಮಾಡುವುದೇ ಅದು. ಆ ಕಂಬದ ಮೇಲೆ ನನ್ನ ಅಜ್ಜಿಯ ಕಾಲದ ಸುಣ್ಣವೂ ಇದೆ. ಈಗ ನನ್ನ ಮೂರು ಕೋಟಿನ ಗೋಡೆ ಆ ಕಂಬದ ಜಾಗಕ್ಕೆ ಬಂದಿತ್ತು.

ಬೇರೆ ಮಗನಾಗಿದ್ದರೆ ಕೂಗಾಡುತ್ತಿದ್ದ. ನಾನು ಸಂಸ್ಕಾರವಂತ! ಒದ್ದೆ ಬಟ್ಟೆಯಿಂದ ಒರೆಸಿ, ಮಂಚದ ಕೆಳಗಿಟ್ಟಿದ್ದ ಡಬ್ಬದಿಂದ ಸಣ್ಣ ಬ್ರಷ್ಷಿನಲ್ಲಿ ಟಚಪ್ ಕೊಟ್ಟು, ಏನೂ ಆಗದವನಂತೆ ಶಿಫ್ಟಿಗೆ ಹೋದೆ.

ಮರುದಿನ ಆರು ಚುಕ್ಕೆ. ಅದರ ಮರುದಿನ ಒಂಬತ್ತು. ಒಂದು ಸ್ವಿಚ್ಚಿನ ಮೇಲೆಯೇ ಇತ್ತು! ಭೋಗಿ ಹಬ್ಬದ ಬೆಳಿಗ್ಗೆ ಬೀದಿಯಲ್ಲೆಲ್ಲ ಹಳೆಯ ಚಾಪೆ, ಪೊರಕೆ ಉರಿಯುತ್ತಿದ್ದರೆ, ನಾನು ಅವ್ವ ಬಚ್ಚಲಿಂದ ಬರುವುದರೊಳಗೆ ಹದಿಮೂರು ಚುಕ್ಕೆ ಅಳಿಸಿ ಬೆವತಿದ್ದೆ. ಅವಳು ಇಡುತ್ತಾಳೆ, ನಾನು ಅಳಿಸುತ್ತೇನೆ. ಒಬ್ಬರಿಗೊಬ್ಬರು ಒಂದು ಮಾತಿಲ್ಲ. ನನ್ನ ಸಹನೆಗೆ ನಾನೇ ತಲೆದೂಗಿದೆ.

ಈ ನಡುವೆ ಅವ್ವ ಮಂಕಾದಳು. ಬಂದ ಹೊಸದರಲ್ಲಿ ಸೆಲ್ವಿ ಅಕ್ಕನ ಜೊತೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹರಟುತ್ತಿದ್ದವಳು ಈಗ ಕರೆದರೂ ಹೊರಗೆ ಬರುತ್ತಿರಲಿಲ್ಲ. ಹಬ್ಬದ ದಿನ ಅಣ್ಣ ಫೋನು ಮಾಡಿ, ತೋಟದಲ್ಲಿ ಸೇವಂತಿಗೆ ಚೆನ್ನಾಗಿ ಬಂದಿದೆ ಎಂದು ಹೇಳಿದಾಗ, "ಬುಡಪ್ಪ, ನೀವೇ ನೋಡ್ಕಳಿ," ಎಂದಷ್ಟೇ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟಳು.

"ಏನ್ರೀ, ಅತ್ತೆ ಸಂಜೆ ಮೇಲೆ ನೀರು ಕುಡಿಯೋದೇ ಬಿಟ್ಟವ್ರೆ. ಕೊಟ್ರೆ ಬ್ಯಾಡ ಅಂತಾರೆ," ಎಂದಳು ರತ್ನ.

"ಥಂಡಿ ಕಣೆ. ಥಂಡಿಗೆ ವಯಸ್ಸಾದವರಿಗೆ ಬಾಯಾರಿಕೆ ಕಮ್ಮಿ."

"ನಿಮಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ನನ್ನ ಬಾಯಲ್ಲಿ ಬರುವುದಿಲ್ಲ.

ಚುಕ್ಕೆ ಶುರುವಾದ ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಕೋಣೆಯಿಂದ ಧಡ್ ಎಂದು ಬೀರಿನ ಸದ್ದು. ಓಡಿಹೋದೆ. ಅವ್ವ ನೆಲದ ಮೇಲೆ ಕೂತಿದ್ದಳು. ಹಣೆಯ ಪಕ್ಕ ಊದಿಕೊಳ್ಳುತ್ತಿತ್ತು, ಪುಣ್ಯಕ್ಕೆ ಕಣ್ಣಿಗೆ ತಾಗಿರಲಿಲ್ಲ. ರತ್ನ ಐಸು ತರಲು ಓಡಿದಳು. ಅವ್ವನ ಸೀರೆ ಸರಿಮಾಡಲು ಹೋದಾಗ ಮೊಣಕಾಲ ಕೆಳಗೆ ನೀಲಿಗಟ್ಟಿದ ಮೂರು ನಾಲ್ಕು ಗುರುತು ಕಂಡವು. ಅವು ಇವತ್ತಿನವಲ್ಲ.

"ಇದೆಲ್ಲ ಯಾವಾಗ ಆಯ್ತವ್ವ? ಯಾಕೆ ಹೇಳ್ಲಿಲ್ಲ?"

ಅವ್ವ ನನ್ನ ಕೈ ಹಿಡಿದುಕೊಂಡಳು.

"ಆಪ್ರೇಸನ್ ಹಿಡೀಲಿಲ್ಲ ಕಣ್ಲಾ. ಕಣ್ಣು ಹೋಗ್ಬುಟ್ಟದೆ. ನೀನು ರಜ ಹಾಕ್ಕಂಡು ಅಷ್ಟು ಓಡಾಡ್ದೆ, ರೂಮಿಗೆ ಬಣ್ಣ ಬೇರೆ ಹೊಡ್ದೆ. ಅಂಥ ಮಗನಿಗೆ ಕಣ್ಣು ಬರ್ಲಿಲ್ಲ ಅಂತ ಎಂಗಪ್ಪ ಹೇಳ್ಲಿ? ನನ್ನ ಊರಿಗೆ ಕಳಿಸ್ಬುಡು. ಅಲ್ಲಾದ್ರೆ ತಡಕಾಡಿಕೊಂಡಾದ್ರೂ ಓಡಾಡ್ತೀನಿ. ಆ ಹೂವೊಂದು ನನಗಿಲ್ಲ ಅಂದ್ಕತ್ತೀನಿ."

ನನಗೆ ಅಳು ಬಂತು. ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡು ಅತ್ತೆ. ನೋಡಲು ಹೇಗಿತ್ತೋ ಏನೋ, ಐಸು ತಂದ ರತ್ನ ನಗಲಿಲ್ಲ.

ಶಿಫ್ಟಿಗೆ ಹೋಗದೆ, ಆಟೋದಲ್ಲಿ ಮೂವರೂ ಕಣ್ಣಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವ್ವ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. ಇದ್ದದ್ದನ್ನೂ ಕಳೆದುಬಿಟ್ಟೆನಲ್ಲ, ಊರಲ್ಲಿ ಮೊಗ್ಗನ್ನಾದರೂ ಕೀಳುತ್ತಿದ್ದಳಲ್ಲ ಎಂದು ನಾನು ಒಳಗೊಳಗೇ ಬೆಂದುಹೋದೆ.

ನರ್ಸು ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ದೂರದ ಪಟ ತೋರಿಸಿದಳು. ಓದು ಬರದವರಿಗೆ ಮೂರು ಹಲ್ಲಿನ ಗುರುತಿನ ಪಟ, ಹಲ್ಲು ಯಾವ ಕಡೆಗಿದೆಯೋ ಆ ಕಡೆ ಕೈ ತೋರಿಸಬೇಕು. ಅವ್ವ ತೋರಿಸಿದಳು. ಮೇಲೆ, ಕೆಳಗೆ, ಎಡಕ್ಕೆ. ಸಾಲು ಸಣ್ಣದಾಯಿತು, ಅವ್ವ ತೋರಿಸಿದಳು. ಇನ್ನೂ ಸಣ್ಣದಾಯಿತು, ಅದನ್ನೂ ತೋರಿಸಿದಳು. ಕೊನೆಯ ಸಾಲಿನಲ್ಲಿ ಮಾತ್ರ ಒಂದು ತಪ್ಪಿತು. ನನಗೆ ಆ ಸಾಲು ಇದೆ ಎಂಬುದೇ ಆಗ ಗೊತ್ತಾಯಿತು!

ಡಾಕ್ಟರಮ್ಮ ಮೆಷಿನ್ನಿನಲ್ಲಿ ಇಣುಕಿ ನೋಡಿದರು. ಅವರು ಧರ್ಮಪುರಿ ಕಡೆಯವರು, ಕನ್ನಡವನ್ನು ನಿಲ್ಲಿಸಿ ನಿಲ್ಲಿಸಿ ಆಡುತ್ತಿದ್ದರು, ಅಜ್ಜಿ ಎನ್ನುವುದಕ್ಕೆ ತಮಿಳಿನ ಪಾಟಿಯೇ ಬಾಯಿಗೆ ಬರುತ್ತಿತ್ತು. "ಪಾಟಿ, ಕಣ್ಣು ರೊಂಬ ಚೆನ್ನಾಗಿದೆ. ಎಲ್ಲಿ ಕಾಣೋದಿಲ್ಲ ನಿಮಗೆ?"

"ಇಲ್ಲಿ ಕಾಣ್ತದೆ ತಾಯಿ. ಹಾಲ್‌ನಾಗೆ ಕೂತ್ರೂ ಕಾಣ್ತದೆ. ನನ್ನ ರೂಮಿಗೆ ಹೋಗ್ತಿದ್ದಂಗೆ ಕಣ್ಣು ಹೊಂಟೋಯ್ತದೆ. ಬಂದು ಬಂದು ಹೋಗೋ ಕಣ್ಣು ನಂದು."

"ರೂಮಿನಲ್ಲಿ ಏನು ಕಾಣುತ್ತೆ?"

"ಏನೂ ಇಲ್ಲ. ಗೋಡೆ ಯಾವುದು, ಬಾಗ್ಲು ಯಾವುದು, ಬೀರು ಯಾವುದು, ಒಂದೂ ತಿಳಿಯಾಕಿಲ್ಲ. ಮಗ ಹೊಸದಾಗಿ ಬಣ್ಣ ಹೊಡ್ದವ್ನೆ, ಹಬ್ಬಕ್ಕೆ ಹೊಡ್ದದ್ದು, ಬೆಳ್ಳಗೆ ಹಾಲಿನಂಗೆ ಇರ್ತದೆ. ನನ್ನ ಕಣ್ಣಿಗೆ ಮಾತ್ರ ಮಸಿ ಬಳ್ದಂಗೆ ಕಾಣ್ತದೆ."

ರತ್ನ ನನ್ನ ಕಡೆ ತಿರುಗಿದಳು. ನಾನು ಪಟದ ಕೊನೆಯ ಸಾಲು ಓದಲು ಪ್ರಯತ್ನಿಸಿದೆ.

"ಅದಕ್ಕೇ ಒಂದು ಉಪಾಯ ಮಾಡ್ದೆ ತಾಯಿ," ಎಂದಳು ಅವ್ವ. "ಎಲೆ ಸುಣ್ಣ ಇತ್ತಲ್ಲ, ಮಂಚದಿಂದ ಬಾಗ್ಲ ತನಕ ಬೊಟ್ಟು ಇಟ್ಕಂಡೆ. ಹಸಿ ಸುಣ್ಣ, ಮಿಣಕ್ ಅಂತ ಒಸಿ ಕಾಣ್ತಿತ್ತು. ಅದನ್ನ ಹಿಡ್ಕಂಡು ಬಚ್ಚಲಿಗೆ ಹೋಗ್ತಿದ್ದೆ. ಹೋಗಿ ಬರೋ ಹೊತ್ಗೆ ಅದೂ ಕಾಣ್ದಂಗಾಯ್ತು. ದಿನಾ ಹೊಸದು ಇಡ್ತೀನಿ, ದಿನಾ ಕಾಣ್ದಂಗಾಯ್ತದೆ. ನಾನೇ ಇಟ್ಟ ಬೊಟ್ಟು ನನಗೇ ಕಾಣಾಕಿಲ್ಲ ಅಂದ್ರೆ ಇನ್ನು ಕಣ್ಣು ಎಲ್ಲಿ ಉಳೀತು? ಸಂಜೆ ಮೇಲೆ ಬಚ್ಚಲಿಗೆ ಹೋಗೋದೇ ಬ್ಯಾಡ ಅಂತ ನೀರು ಬುಟ್ಟೆ."

ಹನ್ನೊಂದು ದಿನ! ಹನ್ನೊಂದು ದಿನ ನನ್ನ ಅವ್ವ ದಾರಿ ಮಾಡಿಕೊಂಡಳು, ನಾನು ಬೆಳಿಗ್ಗೆ ಎದ್ದು ಅದನ್ನು ಒರೆಸಿದೆ. ಒರೆಸಿದ್ದು ಸಾಲದೆಂದು ಮೇಲೆ ಟಚಪ್ ಬೇರೆ! ಅಲ್ಲೇ ನೆಲ ಬಾಯಿ ಬಿಟ್ಟಿದ್ದರೆ ಸಂತೋಷವಾಗಿ ಇಳಿದುಬಿಡುತ್ತಿದ್ದೆ.

"ಅವ್ವಾ," ಎಂದೆ. ಅವಳ ಕುರ್ಚಿಯ ಹತ್ತಿರ ಹೋದೆ. "ಬೊಟ್ಟು ಅಳಿಸ್ದೋನು ನಾನು."

"ಏನಂದೆ?"

"ನೀನು ಸುಣ್ಣ ಒರೆಸ್ತಾ ಇದ್ದೀಯ ಅಂದ್ಕೊಂಡೆ. ಬ್ಯಾಸರ ಮಾಡ್ಕೋಬಾರ್ದು ಅಂತ ಹೇಳ್ದೇನೇ ಅಳಿಸ್ದೆ. ಗೋಡೆ ನಿಜವಾಗ್ಲೂ ಕಪ್ಪಗೇ ಐತೆ ಅವ್ವ. ನಾನೇ ಹೊಡ್ದಿದ್ದು. ಸೂರೂ ಕಪ್ಪು, ಬಾಗ್ಲೂ ಕಪ್ಪು. ನಿನ್ನ ಕಣ್ಣಿಗೆ ತಂಪು ಆಗ್ಲಿ ಅಂತ."

ಅವ್ವ ನನ್ನನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಪರೇಷನ್ ಎಷ್ಟು ಚೆನ್ನಾಗಿ ಆಗಿದೆ ಎಂದು ನನಗೆ ಆಗ ಸಂಪೂರ್ಣ ಮನವರಿಕೆಯಾಯಿತು. ಆಮೇಲೆ ಅವಳ ಕಣ್ಣಲ್ಲಿ ನೀರು ತುಂಬಿ ಕೆನ್ನೆಯ ಮೇಲೆ ಇಳಿಯಿತು. ನರ್ಸು ಕಣ್ಣು ಒರೆಸಬೇಡಿ ಎಂದು ಹತ್ತಿ ತರಲು ಓಡಿದಳು.

"ಅಂಗಾರೆ ನನ್ನ ಕಣ್ಣು ಹೋಗಿಲ್ವಾ?"

"ಇಲ್ಲ ಪಾಟಿ," ಎಂದರು ಡಾಕ್ಟರಮ್ಮ.

"ಹೂವ ಬುಡುಸ್ಬೋದಾ?"

"ಇನ್ನು ಸ್ವಲ್ಪ ದಿನ ಬಿಟ್ಟು ಧಾರಾಳವಾಗಿ ಬಿಡಿಸಿ."

ಅವ್ವ ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಅಲ್ಲೇ ಮೊದಲು ಕಂಡದ್ದು. ನಗುತ್ತಲೇ ಕೈ ಬೀಸಿ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಎಪ್ಪತ್ತರ ಮೇಲಿನ ಕೈ, ಆದರೆ ಗುದ್ದು ಸರಿಯಾದ ಜಾಗಕ್ಕೇ ಬಿತ್ತು. ಆಮೇಲೆ ಕುರ್ಚಿಯಿಂದ ಇಳಿದು, ನನ್ನ ರಟ್ಟೆ ಹಿಡಿದು ಅದೇ ಕುರ್ಚಿಯಲ್ಲಿ ಕೂರಿಸಿದಳು.

"ತಾಯಿ, ಇವನ ಕಣ್ಣೂ ಒಸಿ ನೋಡ್ಬುಡಿ."

ಡಾಕ್ಟರಮ್ಮ ನಗು ತಡೆದುಕೊಂಡು ನನ್ನ ಎರಡು ಕಣ್ಣಿಗೂ ಲೈಟು ಬಿಟ್ಟು ನೋಡಿದರು. "ಇವರ ಕಣ್ಣಲ್ಲಿ ಏನೂ ತೊಂದರೆ ಇಲ್ಲ ಪಾಟಿ. ಎಲ್ಲ ಸರಿಯಾಗಿದೆ."

"ಅಂಗಾರೆ ಇವನಿಗೆ ಇರೋದಕ್ಕೆ ಔಸ್ದಿ ಇಲ್ವಾ?"

"ಇಲ್ಲ ಅತ್ತೆ," ಎಂದಳು ರತ್ನ, ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ. "ನಾನು ಹದಿನೆಂಟು ವರ್ಷದಿಂದ ಹುಡುಕ್ತಾ ಇದ್ದೀನಿ."